ಖಾಲಿ ಚೌಕವಿಲ್ಲದ ಪುಸ್ತಕ

ಏಪ್ರಿಲ್ ಬಂತೆಂದರೆ ನಮ್ಮ ವಿಭಾಗದಲ್ಲಿ ಯಾರೂ ರಜೆ ಕೇಳುವಂತಿಲ್ಲ. ಚಾನೆಲ್ಲಿನ ವಾರ್ಷಿಕ ವರದಿ ತಯಾರಾಗುವ ಕಾಲ ಅದು. ಕಳೆದ ವರ್ಷ ಯಾವ ಕಾರ್ಯಕ್ರಮ ಎಷ್ಟು ಗಂಟೆ ಪ್ರಸಾರವಾಯಿತು, ಅದರಲ್ಲಿ ಹೊಸದೆಷ್ಟು, ಹಳೆಯದನ್ನೇ ತಿರುಗಿಸಿ ಹಾಕಿದ್ದೆಷ್ಟು, ಯಾವುದನ್ನು ಎಷ್ಟು ಜನ ನೋಡಿದರು ಎಂಬುದನ್ನೆಲ್ಲ ಒಂದು ದಪ್ಪ ಪುಸ್ತಕ ಮಾಡಿ ಮೇಲಿನವರಿಗೆ ಕಳಿಸಬೇಕು. ಮುಂಬಯಿಯ ಒಂದು ಜನಸೇವಾ ಟಿವಿ ಚಾನೆಲ್ಲಿನಲ್ಲಿ, ವೀಕ್ಷಕರ ಲೆಕ್ಕ ಇಡುವ ವಿಭಾಗದಲ್ಲಿ, ನಾನು ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ವರದಿಯ ಕೊನೆಯ ಭಾಗ, ಅಂದರೆ ಯಾರು ನೋಡಿದರು ಯಾರು ಬಿಟ್ಟರು ಎಂಬ ಕೋಷ್ಟಕ, ನನ್ನ ತಲೆಗೆ ಕಟ್ಟಿದ್ದು.

ಆ ಕೋಷ್ಟಕದಲ್ಲಿ ಒಂದು ರೂಢಿಯಿದೆ. ನೋಡಿದವರು ಎಣಿಕೆಗೂ ಸಿಗದಷ್ಟು ಕಡಿಮೆ ಇದ್ದರೆ ನಾವು ಸೊನ್ನೆ ಬರೆಯುವುದಿಲ್ಲ, ಒಂದು ಸಣ್ಣ ಅಡ್ಡಗೆರೆ ಎಳೆಯುತ್ತೇವೆ. ಸೊನ್ನೆ ಬರೆದರೆ ಕಾರ್ಯಕ್ರಮ ಮಾಡಿದವರಿಗೆ ನೋವಾಗುತ್ತದೆ ಎಂದು ನಮ್ಮ ಸಾಹೇಬರು ಹೇಳುತ್ತಾರೆ. ಅಡ್ಡಗೆರೆ ಎಳೆದರೆ ಯಾರಿಗೂ ನೋವಾಗುವುದಿಲ್ಲವಂತೆ. ಕೆಲವು ವರ್ಷಗಳ ಹಿಂದೆ ನಾನು ನನ್ನ ಕೈಯಾರೆ ಎಳೆದ ಒಂದು ಅಡ್ಡಗೆರೆಯ ಬಗ್ಗೆ ಬರೆಯುತ್ತಿದ್ದೇನೆ. ಇದನ್ನು ಇದುವರೆಗೆ ಮನೆಯಲ್ಲೂ ಹೇಳಿಲ್ಲ.

ನಮ್ಮದು ಧಾರವಾಡದ ಕಡೆಯ ಮನೆತನ. ಅಪ್ಪ ನೌಕರಿಗೆಂದು ಬಂದು ದಾದರಿನ ಒಂದು ಚಾಳಿನಲ್ಲಿ ಕೋಣೆ ಹಿಡಿದರು. ನಾನು ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲ ಇಲ್ಲೇ. ಆಫೀಸಿನಲ್ಲಿ ಮರಾಠಿ ಎಷ್ಟು ಚೆನ್ನಾಗಿ ಆಡುತ್ತೇನೆಂದರೆ ಹೊಸಬರಿಗೆ ನಾನು ಕನ್ನಡದವಳೆಂದು ತಿಳಿಯಲು ವರ್ಷ ಹಿಡಿಯುತ್ತದೆ. ತಿಳಿಯದಿದ್ದರೆ ನನಗೇನೂ ಬೇಸರವೂ ಇರಲಿಲ್ಲ. ಊರು ಯಾವುದೆಂದು ಯಾರಾದರೂ ಕೇಳಿದರೆ ದಾದರ್ ಅನ್ನುತ್ತಿದ್ದೆ. ಸುಳ್ಳೇನಲ್ಲವಲ್ಲ ಎಂದು ಒಳಗೊಳಗೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಆ ಕಾಲದಲ್ಲಿ ನಮ್ಮ ಚಾನೆಲ್ಲಿನಲ್ಲಿ ಭಾನುವಾರ ಮಧ್ಯಾಹ್ನ ಅರ್ಧ ಗಂಟೆ ಕನ್ನಡ ಬರುತ್ತಿತ್ತು. ಮುಂಬಯಿಯ ಕನ್ನಡಿಗರಿಗಾಗಿ ಮಾಡುತ್ತಿದ್ದ ಕಾರ್ಯಕ್ರಮ. ಅದರ ನಿರ್ಮಾಪಕರು ಬೆಳಗಾವಿ ಕಡೆಯ ಒಬ್ಬ ಹಿರಿಯರು, ವರ್ಷ ವರ್ಷ ಕರಾರು ನವೀಕರಿಸಿಕೊಂಡು ಕೆಲಸ ಮಾಡುವವರು. ಕಾರಿಡಾರಿನ ತುದಿಯಲ್ಲಿ, ಮುರಿದ ಕುರ್ಚಿಗಳನ್ನು ಪೇರಿಸಿಟ್ಟ ಕೋಣೆಯಲ್ಲಿ ಅವರ ಮೇಜು. ಕಾರ್ಯಕ್ರಮವೂ ಹಾಗೆಯೇ, ಏನೂ ಥಳುಕಿಲ್ಲ. ಮೊದಲು ಉಪಯೋಗದ ಸುದ್ದಿ: ಯಾವ ಆಸ್ಪತ್ರೆಯಲ್ಲಿ ಕಣ್ಣಿನ ತಪಾಸಣೆ ಇದೆ, ಕಟ್ಟಡ ಕಾರ್ಮಿಕರ ಕಾರ್ಡಿಗೆ ಯಾವ ಕಾಗದ ಬೇಕು, ಮುನಿಸಿಪಾಲಿಟಿ ಶಾಲೆಗೆ ಮಕ್ಕಳ ಹೆಸರು ಹಚ್ಚುವುದು ಯಾವಾಗ. ಆಮೇಲೆ ಮಾಟುಂಗದ ಕನ್ನಡ ಸಂಘದವರ ಒಂದು ಹಾಡು. ಕೊನೆಗೆ ಏಳೆಂಟು ನಿಮಿಷ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ ಕಪ್ಪು ಹಲಗೆಯ ಮುಂದೆ ನಿಂತು ವಾರಕ್ಕೆ ಎರಡು ಅಕ್ಷರ ಕಲಿಸುತ್ತಿದ್ದರು. ದೊಡ್ಡವರಿಗಾಗಿ. ಸುಣ್ಣದ ಕಡ್ಡಿ ಕಿರ್ ಎನ್ನುವ ಸದ್ದನ್ನೂ ಹಾಗೇ ಬಿಟ್ಟಿರುತ್ತಿದ್ದರು. ನಾವು ಊಟದ ಡಬ್ಬಿ ಬಿಚ್ಚಿ ಕೂತಾಗ ಅದನ್ನು ಅಣಕಿಸಿ ನಗುತ್ತಿದ್ದೆವು, ಎಲ್ಲರಿಗಿಂತ ಚೆನ್ನಾಗಿ ಅಣಕಿಸುತ್ತಿದ್ದವಳು ನಾನು. ನಮ್ಮ ಮನೆಯಲ್ಲಿ ಆ ಹೊತ್ತಿಗೆ ಕ್ರಿಕೆಟ್ಟು ಇಲ್ಲವೇ ಮಕ್ಕಳ ಮೊಬೈಲು. ಆ ಅರ್ಧ ಗಂಟೆಯನ್ನು ಕೂತು ನೋಡುವವರೂ ಇರುತ್ತಾರೆಂದು ನಾನು ನಂಬಿರಲಿಲ್ಲ.

ವೀಕ್ಷಕರನ್ನು ಎಣಿಸಲು ಈಗ ಮನೆಮನೆಗೆ ಯಂತ್ರ ಕೂರಿಸುವ ಕಂಪನಿಗಳಿವೆ. ಆದರೆ ಆ ಯಂತ್ರ ತಗಡಿನ ಮನೆಗಳತ್ತ ಅಷ್ಟಾಗಿ ಹಾಯುವುದಿಲ್ಲ. ಅದಕ್ಕೆ ನಮ್ಮ ವಿಭಾಗದವರು ವರ್ಷಕ್ಕೊಂದು ವಾರ ಕಾಗದದ ಪುಸ್ತಕ ಹಂಚುತ್ತೇವೆ. ಒಂದು ದಿನಕ್ಕೆ ಒಂದು ಹಾಳೆ. ಹಾಳೆಯಲ್ಲಿ ಬೆಳಗಿನ ಆರರಿಂದ ರಾತ್ರಿ ಹನ್ನೆರಡರವರೆಗೆ ಕಾಲು ಕಾಲು ಗಂಟೆಗೊಂದು ಚೌಕ. ಓದಲು ಬಾರದವರಿಗೆ ತಿಳಿಯಲೆಂದು ಗಡಿಯಾರದ ಚಿತ್ರ, ಚಾನೆಲ್ಲಿನ ಗುರುತು. ಟಿವಿ ನೋಡಿದಾಗ ನೋಡಿದ ಚೌಕದಲ್ಲಿ ಟಿಕ್ ಹಾಕಬೇಕು, ನೋಡದಿದ್ದರೆ ಖಾಲಿ ಬಿಡಬೇಕು. ಪುಸ್ತಕ ಕೊಟ್ಟು ಬರುವವರಿಗೆ ಒಂದೇ ಒಂದು ಗಟ್ಟಿ ನಿಯಮ: ಹೇಗೆ ತುಂಬಬೇಕೆಂದು ಹೇಳಬೇಕು, ಏನು ತುಂಬಬೇಕೆಂದು ಬಾಯಿ ತಪ್ಪಿಯೂ ಹೇಳಬಾರದು. ಹೊಸಬರಿಗೆ ಈ ನಿಯಮವನ್ನು ಪಾಠ ಮಾಡುತ್ತಿದ್ದವಳೂ ನಾನೇ.

ಆ ವರ್ಷ ಜನವರಿಯಲ್ಲಿ ನಿರ್ಮಾಪಕರು ನನ್ನ ಮೇಜಿನ ಹತ್ತಿರ ಬಂದು ನಿಂತರು. ಸುತ್ತ ಯಾರೂ ಇಲ್ಲದ್ದನ್ನು ನೋಡಿ ಕನ್ನಡದಲ್ಲೇ ಮಾತು ತೆಗೆದರು.

“ಅಕ್ಕಾರ, ಹ್ವಾದ ವರ್ಷ ಕನ್ನಡದವರ ಒಂದ ಮನೀಗೂ ನಿಮ್ಮ ಪುಸ್ತಕ ಹೋಗಿದ್ದಿಲ್ಲ. ಪುಸ್ತಕನ ಹೋಗಲಿಲ್ಲಂದ್ರ ನೋಡೋರು ಎಲ್ಲಿಂದ ಬರತಾರ್ರೀ? ಪವಾಯಿ ಹಿಂದ ನಮ್ಮ ಕಡೆ ಮಂದಿ ಗಲ್ಲಿಗಟ್ಟಲೆ ಅದಾರ. ಒಂದ ಹತ್ತು ಪುಸ್ತಕ ಆ ಕಡೆ ಹಾಕಸ್ರಿ. ಹೆಚ್ಚ ಏನೂ ಕೇಳಾಂಗಿಲ್ಲ.”

ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸಾಹೇಬರಿಗೆ ಹೇಳಿದೆ. ಅವರು ಒಪ್ಪಿದರು, ಮತ್ತು ಕನ್ನಡ ಬರುವವಳು ನಾನೊಬ್ಬಳೇ ಆದ್ದರಿಂದ ನೀವೇ ಹೋಗಿ ಬನ್ನಿ ಎಂದರು. ಮೇಜು ಬಿಟ್ಟು ಜೋಪಡಿಗಳ ಬಸ್ತಿ ಸುತ್ತುವ ವಯಸ್ಸು ನನ್ನದಲ್ಲ ಎಂದು ಗೊಣಗುತ್ತಲೇ ಫೆಬ್ರವರಿಯ ಒಂದು ಶನಿವಾರ ಲೋಕಲ್ ಹಿಡಿದೆ.

ಪವಾಯಿಯ ಎತ್ತರದ ಬಿಲ್ಡಿಂಗುಗಳ ಹಿಂದೆ ಗುಡ್ಡಕ್ಕೆ ಒರಗಿಕೊಂಡು ಒಂದು ಬಸ್ತಿಯಿದೆ. ಆ ಬಿಲ್ಡಿಂಗುಗಳನ್ನು ಕಟ್ಟಲು ಬಂದವರು ಕಟ್ಟಿ ಮುಗಿದ ಮೇಲೂ ಅಲ್ಲೇ ಉಳಿದದ್ದು. ರಿಕ್ಷಾ ಒಳಗೆ ಹೋಗುವುದಿಲ್ಲ. ಚಪ್ಪಲಿ ಕೊಚ್ಚೆಯಾಯಿತೆಂದು ಮೂಗು ಮುರಿಯುತ್ತ ಹತ್ತಿ, ಮೊದಲ ಬಾಗಿಲಲ್ಲಿ ನೀರು ತುಂಬುತ್ತಿದ್ದ ಹೆಂಗಸನ್ನು ಕನ್ನಡದಲ್ಲಿ ಮಾತಾಡಿಸಿದೆ. ಆಕೆ ಕೊಡ ಅಲ್ಲೇ ಇಟ್ಟು ನನ್ನ ಕೈ ಹಿಡಿದುಕೊಂಡಳು.

“ಯವ್ವಾ, ನಮ್ಮ ಕಡ್ಯಾರಽ! ಬರ್ರಿ ಅಕ್ಕಾರ, ಒಳಗ ಬರ್ರಿ. ಬಿಸಲಾಗ ಯಾಕ ನಿಂತೀರಿ?”

ನಲವತ್ತರ ಆಚೀಚಿನ ಹೆಂಗಸು. ವಿಜಯಪುರ ಜಿಲ್ಲೆಯವಳು. ಮದುವೆಯಾದ ವರ್ಷವೇ ಗಂಡನ ಜೊತೆ ಬಂದು ಹತ್ತು ಹನ್ನೆರಡು ವರ್ಷ ಸೈಟಿನಲ್ಲಿ ಇಟ್ಟಂಗಿ ಹೊತ್ತವಳು. ಈಗ ಬೆನ್ನು ಹಿಡಿದ ಮೇಲೆ ಕೆಳಗಿನ ಒಂದು ಕಾಂಪ್ಲೆಕ್ಸಿನಲ್ಲಿ ಮೆಟ್ಟಿಲು, ಲಾಬಿ ಗುಡಿಸಿ ಒರೆಸುವ ಕೆಲಸ. ಗಂಡ ಇನ್ನೂ ಸೈಟಿಗೆ ಹೋಗುತ್ತಾನೆ. ಮಗಳು ಮರಾಠಿ ಶಾಲೆಯಲ್ಲಿ ಹತ್ತನೆಯ ಇಯತ್ತೆ. ಇದಿಷ್ಟನ್ನು ಆಕೆ ಚಹಾ ಕುದಿಯುವುದರೊಳಗೆ ಹೇಳಿ ಮುಗಿಸಿದಳು. ಚಹಾದ ಜೊತೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಬಂದವು. ಬೇಡವೆಂದರೆ ಕೇಳುವ ಕುಳವಲ್ಲ. ಟ್ರಂಕಿನ ಮೇಲೆ ಒಂದು ಟಿವಿ, ತಗಡಿನ ಮೇಲೆ ತಿಂಗಳ ಬಾಡಿಗೆಯಿಲ್ಲದ ಡಿಶ್ಶು.

ನಾನು ಚಾನೆಲ್ಲಿನವಳೆಂದು ಹೇಳಿದ್ದೇ ತಡ, ಆಕೆ ಎದ್ದು ಟ್ರಂಕಿನ ಹಿಂದಿನಿಂದ ಒಂದು ನೋಟುಬುಕ್ಕು ತೆಗೆದಳು. ಮಗಳ ಹಳೆಯ ಬುಕ್ಕು. ಅರ್ಧದವರೆಗೆ ಮಗಳ ಮರಾಠಿ ಗಣಿತ, ಅಲ್ಲಿಂದ ಮುಂದೆ ತಾಯಿಯ ಕನ್ನಡ ಅಕ್ಷರ. ಒಂದೊಂದು ಅಕ್ಷರಕ್ಕೆ ಒಂದೊಂದು ಪುಟ. ಮೊದಲ ಪುಟಗಳಲ್ಲಿ ಪೆನ್ಸಿಲ್ಲಿಗೆ ಹಾಳೆ ಹರಿದಿತ್ತು, ಬರಬರುತ್ತ ಕೈ ಹಗುರಾಗಿತ್ತು.

“ನಿಮ್ಮ ಟೀಚರ್ ಬಾಯಾರು ಛಲೋ ಹೇಳಿಕೊಡತಾರ್ರೀ. ಬೈಯಾಂಗಿಲ್ಲ. ಐತವಾರ ನಾ ಕೆಲಸದ ಮ್ಯಾಲಿಂದ ಓಡಿ ಬರತೀನಿ. ‘ತ’, ‘ಥ’ ಆಗ್ಯಾವ. ನಾಳೆ ‘ದ’, ‘ಧ’ ಬರತಾವ.”

“ಮಗಳ ಕಡಿಂದ ಮರಾಠಿ ಕಲಿಯಬಹುದಿತ್ತಲ್ಲ? ಇಲ್ಲೇ ಇರೋರು ನೀವು.”

“ಮರಾಠಿ ಕಲಿತು ಏನ್ ಮಾಡ್ಲಿ? ನನಗ ಬಸ್ಸಿನ ಬೋರ್ಡ ಓದಬೇಕಾಗೇದರಿ.” ಆಕೆ ನೋಟುಬುಕ್ಕು ಮುಚ್ಚಿದಳು. “ನಮ್ಮವ್ವ ತೀರಿಕೊಂಡಾಗ ಒಬ್ಬಾಕೀನ ಹ್ವಾದೆ. ವಿಜಾಪುರ ಸ್ಟ್ಯಾಂಡಿನಾಗ ಯಾರ್ನೋ ಕೇಳಿದೆ, ಅಂವ ಒಂದ ಗಾಡಿ ತೋರಿಸಿದ. ಹತ್ತಿ ಕುಂತೆ. ಅದು ಬ್ಯಾರೆ ಊರಿನ ಗಾಡಿ. ತಿರುಗಿ ಊರು ಮುಟ್ಟೂದ್ರಾಗ ಮಣ್ಣ ಕೊಟ್ಟ ಬಂದಿದ್ರು. ಮಾರಿ ನೋಡಲಿಲ್ರಿ.”

ಇದನ್ನು ಆಕೆ ಅಳದೆ, ರೊಟ್ಟಿ ಮುರಿದು ನನ್ನ ತಟ್ಟೆಗೆ ಹಾಕುತ್ತ ಹೇಳಿದಳು. ನಾನು ಗಡಿಯಾರ ನೋಡಿಕೊಂಡು ಪುಸ್ತಕ ತೆಗೆದೆ.

ಆಗ ನಾನು ಮಾಡಿದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ನಿಯಮದ ಪ್ರಕಾರ ಒಂದು ಹಾಳೆಯನ್ನು ಜೊತೆಯಲ್ಲಿ ಕೂತು ತುಂಬಿಸಿ ತೋರಿಸಬೇಕು. ಅದಕ್ಕೆ ಕಾಲು ಗಂಟೆ ಬೇಕು. ಇನ್ನೂ ಒಂಬತ್ತು ಮನೆ ಬಾಕಿ ಇದ್ದವು, ಬಿಸಿಲು ಏರುತ್ತಿತ್ತು. “ನಮ್ಮ ಚಾನೆಲ್ ಇದ್ದಲ್ಲಿ ಹಿಂಗ ಟಿಕ್ ಹಾಕ್ರಿ,” ಅಂದೆ. ಅಷ್ಟಕ್ಕೆ ನಿಲ್ಲಿಸಿದ್ದರೂ ನಡೆಯುತ್ತಿತ್ತು. ಆದರೆ ರೊಟ್ಟಿ ತಿಂದ ಋಣವೋ, ನಮ್ಮ ಕಡೆಯವಳೆಂಬ ಸಲಿಗೆಯೋ, “ಮರೀಬ್ಯಾಡ್ರಿ ಮತ್ತ. ನಿಮ್ಮ ಕನ್ನಡ ಪ್ರೋಗ್ರಾಮ್ ಇದರ ಮ್ಯಾಲ ನಿಂತದ,” ಅಂದುಬಿಟ್ಟೆ.

ಆಕೆ ಗಂಭೀರವಾಗಿ ಕೇಳಿದಳು, “ತುಂಬಲಿಲ್ಲಂದ್ರ ನಿಮಗೂ ತ್ರಾಸ ಆಕ್ಕೈತೇನ್ರಿ?”

“ಆಗದ ಬಿಡತದೇನು!” ಎಂದು ನಕ್ಕೆ. ಅದು ಚೇಷ್ಟೆಯ ಮಾತು. ಆಕೆ ಮಾತ್ರ ನಗಲಿಲ್ಲ. ಉಳಿದ ಒಂಬತ್ತು ಪುಸ್ತಕಗಳನ್ನೂ ಆಕೆಯೇ ನನ್ನ ಜೊತೆ ಬಾಗಿಲು ಬಾಗಿಲಿಗೆ ಬಂದು ಕೊಡಿಸಿದಳು.

ಮುಂದಿನ ವಾರ ಹೋದಾಗ ಹತ್ತೂ ಪುಸ್ತಕಗಳನ್ನು ಒಟ್ಟುಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ದೇವರ ಫೋಟೋದ ಕೆಳಗೆ ಇಟ್ಟಿದ್ದಳು. ತೆಗೆದು ನೋಡಿದೆ. ಬೆಳಗಿನ ಆರರಿಂದ ರಾತ್ರಿ ಹನ್ನೆರಡರವರೆಗೆ ಏಳೂ ದಿನ, ಒಂದೊಂದು ಚೌಕದಲ್ಲೂ ಟಿಕ್. ಎರಡನೆಯ ಪುಸ್ತಕವೂ ಹಾಗೇ. ಹತ್ತೂ ಹಾಗೇ. ಗಂಡಸರು ಸೈಟಿನಲ್ಲಿ, ಹೆಂಗಸರು ಕಾಂಪ್ಲೆಕ್ಸುಗಳಲ್ಲಿ, ಮಕ್ಕಳು ಶಾಲೆಯಲ್ಲಿ ಇರುವ ಹೊತ್ತಿಗೂ ಆ ಹತ್ತು ಮನೆಯವರು ಕಣ್ಣು ಮಿಟುಕಿಸದೆ ನಮ್ಮ ಚಾನೆಲ್ಲನ್ನೇ ನೋಡಿದ್ದರು.

“ಒಂದೂ ಖಾಲಿ ಬಿಟ್ಟಿಲ್ಲರಿ,” ಅಂದಳು. ಮುಖ ಅರಳಿತ್ತು. “ಆಚಿ ಮನಿಯಾಕಿ ಎರಡ ದಿನ ಹಂಗ ಬಿಟ್ಟಿದ್ಲು. ನಾನ ಹೋಗಿ ಬೈದು ತುಂಬಿಸಿದೆ. ಸೈಟ್ ಮ್ಯಾಲ ಮುಕಾದಮನ ಪುಸ್ತಕದಾಗ ಒಂದ ಚೌಕ ಖಾಲಿ ಬಿತ್ತಂದ್ರ ಆ ದಿನದ ಹಾಜರಿ ಹ್ವಾದಂಗ. ನಮ್ಮ ಸಲುವಾಗಿ ನಿಮ್ಮ ಹಾಜರಿ ಹೋಗಬಾರದಲ್ರೀ ಅಕ್ಕಾರ.”

ಅವರು ಜೀವಮಾನದಲ್ಲಿ ಕಂಡ ಟಿಕ್ ಹಾಕುವ ಪುಸ್ತಕ ಅದೊಂದೇ, ಸೈಟಿನ ಮೇಸ್ತ್ರಿ ಇಡುವ ಹಾಜರಿ ಪುಸ್ತಕ. ಅದರಲ್ಲಿ ಖಾಲಿ ಚೌಕವೆಂದರೆ ನಷ್ಟ. ಕಷ್ಟಪಟ್ಟು, ಪೆನ್ಸಿಲ್ ಚೂಪು ಮಾಡಿ ಮಾಡಿ, ಹತ್ತು ಮನೆಯವರು ಸೇರಿ ನನ್ನ ಹಾಜರಿ ಕಾಪಾಡಿದ್ದರು. ಅಲ್ಲೇ ಕೂತು, “ಹಿಂಗಲ್ಲ ತಾಯಿ, ನೋಡಿದಾಗ ಅಷ್ಟ ಹಾಕಬೇಕು, ಇನ್ನೊಂದು ವಾರ ತುಂಬೋಣು,” ಎಂದು ಹೇಳಲು ನನಗೇನು ಧಾಡಿಯಾಗಿತ್ತು? ಚೀಲದಲ್ಲಿ ಹೊಸ ಪುಸ್ತಕಗಳೂ ಇದ್ದವು. ಆದರೆ ಆಕೆಯ ಆ ಮುಖ ನೋಡಿ ಬಾಯಿ ಬರಲಿಲ್ಲ. “ಭಾಳ ಛಲೋ ಆತು,” ಎಂದು ಪುಸ್ತಕ ಚೀಲಕ್ಕೆ ಹಾಕಿಕೊಂಡು, ಚಹಾ ಕುಡಿದು, ಎದ್ದು ಬಂದೆ.

ಆಫೀಸಿನಲ್ಲಿ ಪುಸ್ತಕಗಳನ್ನು ಕಂಪ್ಯೂಟರಿಗೆ ಹತ್ತಿಸುವವಳು ಪವಾಯಿಯ ಕಟ್ಟು ಬಿಚ್ಚಿ ಕಿಸಕ್ಕನೆ ನಕ್ಕಳು. “ಮ್ಯಾಡಮ್, ನಿಮ್ಮ ಊರಿನವರು ಮಲಗುವುದೇ ಇಲ್ಲವೇ?” ಎಂದು ಮರಾಠಿಯಲ್ಲಿ ಎಲ್ಲರಿಗೂ ಕೇಳುವಂತೆ ಕೂಗಿದಳು. ಪುಸ್ತಕಗಳು ಮೇಜಿನಿಂದ ಮೇಜಿಗೆ ಹೋದವು. ಒಬ್ಬರು, ತಮ್ಮವರ ಕಾರ್ಯಕ್ರಮ ಉಳಿಸಲು ಮ್ಯಾಡಮ್ಮೇ ರೈಲಿನಲ್ಲಿ ಕೂತು ತುಂಬಿರಬೇಕು ಎಂದರು. ಇಡೀ ಕೋಣೆ ನಕ್ಕಿತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. “ಅವರಿಗೆ ಎಷ್ಟು ತಿಳಿಸಿ ಹೇಳಿದರೂ ಅಷ್ಟೇ,” ಎಂದೂ ಅಂದೆ. ಈ ಮಾತು ನೆನಪಾದಾಗಲೆಲ್ಲ ಇವತ್ತಿಗೂ ಮೈ ಹಿಡಿಯಾಗುತ್ತದೆ.

ಇಂಥ ಪುಸ್ತಕ ಬಂದರೆ ಎರಡು ದಾರಿಗಳಿವೆ. ಒಂದು, ಕೆಂಪು ಪೆನ್ನಿನಿಂದ ರಕ್ಷಾಪುಟದ ಮೇಲೆ ಕಾಟು ಹೊಡೆದು ಲೆಕ್ಕದಿಂದ ತೆಗೆಯುವುದು. ಇನ್ನೊಂದು, ಹೊಸ ಪುಸ್ತಕ ಕೊಟ್ಟು ಮತ್ತೊಂದು ವಾರ ತುಂಬಿಸುವುದು. ಎರಡನೆಯದಕ್ಕೆ ಒಂದು ನಮೂನೆ ಭರ್ತಿ ಮಾಡಬೇಕು, ಅದರಲ್ಲಿ ತಪ್ಪಿಗೆ ಕಾರಣ ಬರೆದು ಸಹಿ ಹಾಕಬೇಕು. ಕಾರಣ ನನಗೆ ಗೊತ್ತಿತ್ತು: ಪುಸ್ತಕ ಕೊಡಲು ಹೋದವಳು ಕಲಿಸಬೇಕಾದ್ದನ್ನು ಕಲಿಸದೆ, ಹೇಳಬಾರದ್ದನ್ನು ಹೇಳಿ ಬಂದಳು. ಹಾಗೆ ಬರೆದು ಸಹಿ ಹಾಕಿದ್ದರೆ ನನ್ನನ್ನು ಯಾರೂ ಕೆಲಸದಿಂದ ತೆಗೆಯುತ್ತಿರಲಿಲ್ಲ. ಒಂದು ಎಚ್ಚರಿಕೆಯ ಚೀಟಿ ಕೊಡುತ್ತಿದ್ದರು, ಅಷ್ಟೇ. ಆದರೆ ಆ ತಿಂಗಳೇ ನನ್ನ ಬಡ್ತಿಯ ಫೈಲು ಸಾಹೇಬರ ಮೇಜಿನ ಮೇಲಿತ್ತು. ತಮ್ಮವರ ಪರವಾಗಿ ಕೈವಾಡ ಮಾಡಿದವಳು ಎಂದು ನಗೆಯಲ್ಲಿ ಹೋದ ಮಾತು ಕಾಗದಕ್ಕೆ ಬಂದರೆ ಏನು ಗತಿ ಎಂದು ಹೆದರಿದೆ. ಒಂದು ದಿನ ಪೂರ್ತಿ ಆ ನಮೂನೆಯನ್ನು ಮುಂದಿಟ್ಟುಕೊಂಡು ಕೂತು, ಕೊನೆಗೆ ಡ್ರಾಯರಿಗೆ ತಳ್ಳಿದೆ.

ಕಾಟು ಹೊಡೆಯುವಾಗ ಆಕೆಯ ಪುಸ್ತಕ ಮೊದಲನೆಯದಾಗಿತ್ತು. ಸುಮ್ಮನೆ ರಕ್ಷಾಪುಟಕ್ಕೆ ಗೆರೆ ಎಳೆದು ಮುಗಿಸಬಹುದಿತ್ತು. ಯಾಕೋ ಭಾನುವಾರದ ಹಾಳೆ ತೆಗೆದೆ. ಎಲ್ಲ ಟಿಕ್ಕುಗಳ ನಡುವೆ ಮಧ್ಯಾಹ್ನದ ಆ ಅರ್ಧ ಗಂಟೆಯ ಎರಡು ಟಿಕ್ಕು ಬೇರೆಯಾಗಿದ್ದವು, ಒತ್ತಿ ಬರೆದವು. ಅವುಗಳ ಪಕ್ಕದಲ್ಲಿ, ಏನೂ ಬರೆಯಬಾರದ ಅಂಚಿನಲ್ಲಿ, ‘ದ’ ಮತ್ತು ‘ಧ’ ಎರಡೂ ಇದ್ದವು, ಸಾಲಾಗಿ ನಾಲ್ಕು ನಾಲ್ಕು ಸಲ. ಆಕೆ ಅವತ್ತು ಕಾರ್ಯಕ್ರಮ ನೋಡಿದ್ದಳು. ನೋಡುತ್ತ ನೋಡುತ್ತ ಕೈಗೆ ಸಿಕ್ಕ ಹಾಳೆಯ ಮೇಲೆ ಬರೆದಿದ್ದಳು. ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ಯಂತ್ರ ಕೊಡುತ್ತದೆ? ಇಷ್ಟು ವರ್ಷದ ಕೆಲಸದಲ್ಲಿ ಒಬ್ಬ ವೀಕ್ಷಕಿಯ ಬಗ್ಗೆ ನನಗೆ ಇಷ್ಟು ಖಚಿತವಾಗಿ ಎಂದೂ ತಿಳಿದಿರಲಿಲ್ಲ. ತಿಳಿದೂ ತಿಳಿದೂ ಪುಸ್ತಕ ಮುಚ್ಚಿ ಕೆಂಪು ಗೆರೆ ಎಳೆದೆ. ಮಿಕ್ಕ ಒಂಬತ್ತಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಷರಾದಲ್ಲಿ, “ಕುಟುಂಬಗಳಿಗೆ ಸೂಚನೆ ಅರ್ಥವಾಗಿಲ್ಲ” ಎಂದು ಬರೆದೆ.

ಆಮೇಲಿನದೆಲ್ಲ ತನ್ನಷ್ಟಕ್ಕೆ ಆಯಿತು. ಹತ್ತು ಪುಸ್ತಕ ಹೋದ ಮೇಲೆ ಕನ್ನಡ ನೋಡಿದವರು ಕೋಷ್ಟಕದಲ್ಲಿ ಯಾರೂ ಉಳಿಯಲಿಲ್ಲ. ನಾನು ಅಡ್ಡಗೆರೆ ಎಳೆದೆ. ವರದಿ ಹೊಳೆಯುವ ಕಾಗದದಲ್ಲಿ ಅಚ್ಚಾಗಿ ಬಂತು. ಮೇ ತಿಂಗಳಲ್ಲಿ ಹೊಸ ವರ್ಷದ ಕಾರ್ಯಕ್ರಮ ಪಟ್ಟಿ ಮಾಡುವ ಮೀಟಿಂಗು ನಡೆಯಿತು. ಅಡ್ಡಗೆರೆ ಬಿದ್ದ ಕಾರ್ಯಕ್ರಮಗಳನ್ನು ಒಂದೊಂದಾಗಿ ಓದಿದರು. ಕನ್ನಡದ ಸರದಿ ಬಂದಾಗ ಸಾಹೇಬರು ನನ್ನತ್ತ ನೋಡಿ, “ನೀವೇ ಖುದ್ದು ಹೋಗಿ ನೋಡಿ ಬಂದಿರಲ್ಲ, ಏನಾದರೂ ಹೇಳುವುದಿದೆಯೇ?” ಎಂದು ಕೇಳಿದರು. ಒಳ್ಳೆಯ ಮನುಷ್ಯ, ನಿಜವಾಗಿಯೇ ಕೇಳಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಬೇಕಾದವರು ಮೊಬೈಲಿನಲ್ಲಿ ನೋಡಿಕೊಳ್ಳಲಿ, ನೆಟ್ಟಿಗೆ ಹಾಕೋಣ ಎಂದು ಯಾರೋ ಅಂದರು. ಅದನ್ನೂ ಯಾರೂ ಹಾಕಲಿಲ್ಲ. ಭಾನುವಾರದ ಆ ಅರ್ಧ ಗಂಟೆಗೆ ಅಡುಗೆಯ ಹಳೆಯ ಕಂತುಗಳು ಬಂದವು.

ನಿರ್ಮಾಪಕರ ಕರಾರು ಮುಗಿಯಿತು. ಹೊರಡುವ ದಿನ ನನ್ನ ಮೇಜಿನ ಹತ್ತಿರ ಬಂದರು. “ನೀವು ನಿಮ್ಮ ಕೈಲಾದ್ದ ಮಾಡಿದ್ರಿ ಅಕ್ಕಾರ. ನಮ್ಮ ಮಂದೀನ ನೋಡಲಿಲ್ಲಂದ್ರ ಯಾರೇನ ಮಾಡೂದು,” ಎಂದರು. “ಹೌದು ನೋಡ್ರಿ,” ಅಂದೆ. ಅವರು ಕೈ ಮುಗಿದು ಹೋದರು. ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು, ಆದರೆ ಮರುವಾರ ಬಡ್ತಿಯ ಆದೇಶ ಬಂದಾಗ ಎಲ್ಲರಿಗೂ ಪೇಢೆ ಹಂಚಿದೆ.

ಎರಡು ವರ್ಷ ಪವಾಯಿಯ ಕಡೆ ಸುಳಿಯಲಿಲ್ಲ. ಸುಳಿಯುವ ಕೆಲಸ ಬಂದರೂ ಬೇರೆಯವರನ್ನು ಕಳಿಸುತ್ತಿದ್ದೆ. ಕಳೆದ ಮಳೆಗಾಲದ ಕೊನೆಗೆ ನಮ್ಮ ಯಜಮಾನರ ಸಂಬಂಧಿಕರೊಬ್ಬರು ಅಲ್ಲೊಂದು ಫ್ಲಾಟು ಕೊಂಡು ವಾಸ್ತುಶಾಂತಿಗೆ ಕರೆದರು. ರೇಷ್ಮೆ ಸೀರೆ ಉಟ್ಟು ಲಾಬಿಯಲ್ಲಿ ಲಿಫ್ಟಿಗೆ ಕಾಯುತ್ತಿದ್ದೆ. ನೆಲ ಒರೆಸುತ್ತಿದ್ದ ಹೆಂಗಸು ತಲೆ ಎತ್ತಿ, “ಅಕ್ಕಾರ!” ಎಂದು ಕೂಗಿದಳು.

ಗುರುತು ಸಿಗದವಳಂತೆ ನಿಲ್ಲಲು ನೋಡಿದೆ. ಅದಕ್ಕೆ ಆಕೆ ಆಸ್ಪದವನ್ನೇ ಕೊಡಲಿಲ್ಲ. ಒದ್ದೆ ಕೈ ಸೀರೆಗೆ ಒರೆಸಿಕೊಂಡು ಹತ್ತಿರ ಬಂದಳು. ಮನೆ, ಮಕ್ಕಳು, ಆರೋಗ್ಯ ಎಲ್ಲ ಕೇಳಿದಳು. ಆಮೇಲೆ ದನಿ ತಗ್ಗಿಸಿದಳು.

“ಒಂದ ಮಾತ ಕೇಳಲೇನ್ರಿ? ಪ್ರೋಗ್ರಾಮ್ ಬಂದ್ ಆತಲ್ಲ, ನಾ ತುಂಬಿದ್ದು ಕಮ್ಮಿ ಬಿತ್ತೇನ್ರಿ? ರಾತ್ರಿ ಹನ್ನೆರಡರ ಮುಂದ ಚೌಕ ಇದ್ದಿದ್ದಿಲ್ಲ. ಇದ್ದಿದ್ರ ಅವನ್ನೂ ತುಂಬತಿದ್ದೆ. ಮತ್ತ ನಾಕ ಮನೀಗೆ ಹೇಳಿದ್ರ ಉಳೀತಿತ್ತೇನೋ ಅಂತ ಮನಸಿಗೆ ಹತ್ತಿಬಿಟ್ಟೇತಿ.”

ಎರಡು ವರ್ಷದಿಂದ ಆಕೆ ತಪ್ಪು ತನ್ನದೆಂದು ತಿಳಿದುಕೊಂಡಿದ್ದಳು. ನಾನು, “ಹಂಗೇನಿಲ್ಲ, ಮ್ಯಾಲಿನವರ ನಿರ್ಣಯ,” ಎಂದು ಲಿಫ್ಟಿನೊಳಗೆ ನುಸುಳಿಕೊಂಡೆ. ನನ್ನನ್ನು ಆಕೆ ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆನೇನೋ. ಆಕೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಮರು ಭಾನುವಾರ, ಮಾಟುಂಗದಲ್ಲಿ ಮಕ್ಕಳ ಕನ್ನಡ ಪಾಠದ ಪುಸ್ತಕಗಳನ್ನು ಕೊಂಡು, ಬಸ್ತಿಗೆ ಹೋದೆ. ನಿಜ ಹೇಳುತ್ತೇನೆ, ತಪ್ಪೊಪ್ಪಿಕೊಳ್ಳಲು ಹೋಗಿರಲಿಲ್ಲ. ಉಳಿದ ಪಾಠವನ್ನು ನಾನೇ ಹೇಳಿಕೊಟ್ಟರೆ ಆ ಗೆರೆ ಅಳಿಸಿಹೋಗುತ್ತದೆ, ಆಕೆಗೆ ಏನೂ ತಿಳಿಯುವ ಅಗತ್ಯವಿಲ್ಲ ಎಂದು ಲೆಕ್ಕ ಹಾಕಿದ್ದೆ. ಒಳ್ಳೆಯವಳೆನಿಸಿಕೊಳ್ಳುತ್ತ ಪಾರಾಗುವ ದಾರಿ ಅದು.

ಆಕೆ ಸ್ಟೂಲು ಒರೆಸಿ ಕೊಟ್ಟಳು. ಪುಸ್ತಕಗಳನ್ನು ಕಂಡು, “ಇಷ್ಟ ಯಾಕ್ರೀ?” ಎಂದು ಹಿಗ್ಗಿ, ಕಣ್ಣಿಗೊತ್ತಿಕೊಂಡಳು. ಎಲ್ಲಿಯವರೆಗೆ ಬಂದಿತ್ತು ಎಂದು ಕೇಳಿದೆ. ಬಿಡಿ ಅಕ್ಷರ ಮುಗಿದು ಕಾಗುಣಿತ ಶುರುವಾಗಿತ್ತಂತೆ, ಕೆಲವೇ ವಾರ. ಅಷ್ಟರಲ್ಲಿ ಒಂದು ಭಾನುವಾರ ಟಿವಿ ಹಚ್ಚಿದರೆ ಯಾರೋ ಬೇಳೆ ಬೇಯಿಸುತ್ತಿದ್ದರಂತೆ. ಮುಂದಿನ ವಾರ ಬರಬಹುದೆಂದು ಮಳೆಗಾಲ ಮುಗಿಯುವವರೆಗೆ ಪ್ರತಿ ಭಾನುವಾರ ಹಚ್ಚಿ ನೋಡಿದಳಂತೆ. ಮೊನ್ನೆ ಊರಿಗೆ ಹೋದಾಗ ಬೋರ್ಡಿನ ಅರ್ಧ ಅಕ್ಷರ ಗುರುತು ಸಿಕ್ಕವು, ಅರ್ಧ ಸಿಗಲಿಲ್ಲ, ಮತ್ತೆ ಯಾರನ್ನೋ ಕೇಳಿದೆ ಎಂದಳು. ಇದನ್ನೂ ತಾನೇ ಏನೋ ಸಣ್ಣ ತಪ್ಪು ಮಾಡಿದವಳಂತೆ ನಕ್ಕು ಹೇಳಿದಳು.

ಪುಸ್ತಕ ತೆರೆದು, ಬೆರಳಿಟ್ಟು, ಮೊದಲ ಪದ ಓದಿಸಲು ಹೋದೆ. ಆಕೆ ನೇರ ಕೂತು ನನ್ನ ಬಾಯನ್ನೇ ನೋಡುತ್ತಿದ್ದಳು. ಆ ನಂಬಿಕೆ ತಡೆಯಲಾಗಲಿಲ್ಲ.

“ನಿಮ್ಮದು ಕಮ್ಮಿ ಬಿದ್ದಿದ್ದಿಲ್ಲ,” ಅಂದೆ. “ನಿಮ್ಮ ಪುಸ್ತಕ ಲೆಕ್ಕಕ್ಕ ತಗೋಳಿಲ್ಲ. ನಾನ ಕಾಟು ಹೊಡದೆ. ಹತ್ತೂ ಮನೀದು.”

ಆಕೆಗೆ ತಕ್ಷಣ ತಿಳಿಯಲಿಲ್ಲ. “ನೀವರಿ?” ಅಂದಳು.

“ಹೂಂ. ನಾನ.”

“ಯಾಕ್ರೀ?”

ಎಷ್ಟು ಕಾರಣಗಳಿದ್ದವು. ಕಾಲು ಗಂಟೆ ಕೂತು ಕಲಿಸಲಿಲ್ಲ, ಎಲ್ಲರೂ ನಕ್ಕರು, ಬಡ್ತಿ ಬೇಕಾಗಿತ್ತು, ನಿಮ್ಮವಳೆನಿಸಿಕೊಳ್ಳಲು ನಾಚಿಕೆಯಾಯಿತು. ಎಲ್ಲವನ್ನೂ ಹೇಳಬೇಕೆಂದೇ ಬಾಯಿ ತೆರೆದೆ. ಆಗಲೂ, ಅಷ್ಟಾದ ಮೇಲೂ, ನನ್ನ ಬಾಯಿಂದ ಬಂದದ್ದು, “ತಪ್ಪ ತುಂಬಿದ್ರಿ,” ಎಂಬ ಮಾತು.

ಆಕೆ ನಾನು ತಂದಿದ್ದ ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿ, ಮೆಲ್ಲಗೆ ನನ್ನ ಕಡೆ ಸರಿಸಿದಳು. ಸಿಟ್ಟಿನಿಂದಲ್ಲ. ಸಿಟ್ಟಿದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

“ತಪ್ಪ ತುಂಬಿದ್ರ ಕರದ ತೋರಿಸಬೇಕಿತ್ತಲ್ರೀ ಅಕ್ಕಾರ,” ಅಂದಳು. “ನಾ ಆವಾಗ ಕಲಿಯಾಕಿ ಇದ್ದೆ.”